ಹೆಂಡದ ಯೀಸ್ಟ್ ಇಟ್ಕೊಂಡು ಕ್ಯಾನ್ಸರ್ ಓದೋಕಾಗುತ್ತಾ?

ಪ್ರಶ್ನೆ: ನಮ್ಮದು ಮಾಲೂರು ತಾಲ್ಲೂಕಿನ ಒಂದು ಹಳ್ಳಿ. ರಾಗಿ, ಆಲೂಗೆಡ್ಡೆ ಬೆಳೀತೀವಿ. ಮಗಳು ಎಂಎಸ್ಸಿ ಮುಗಿಸಿ ಬೆಂಗಳೂರಲ್ಲಿ ಪಿಎಚ್‌ಡಿಗೆ ಸೇರಿದ್ದಾಳೆ. 'ಪಾಂಬೆ' ಅನ್ನೋ ಯೀಸ್ಟ್ ಮೇಲೆ ಕೆಲಸ ಮಾಡ್ತಾಳೆ. ಅದು ಆಫ್ರಿಕಾದ ಹೆಂಡದಲ್ಲಿ ಸಿಕ್ಕಿದ ಯೀಸ್ಟ್ ಅಂತೆ. ಇದರಿಂದ ಕ್ಯಾನ್ಸರ್ ಹೇಗೆ ಬರುತ್ತೆ ಅಂತ ಅರ್ಥ ಆಗುತ್ತೆ ಅಂತಾಳೆ. ನೆಂಟರು 'ಇಡ್ಲಿ ಹಿಟ್ಟು ಉಬ್ಬಿಸೋಕೆ ಐದು ವರ್ಷ ಓದಬೇಕಾ' ಅಂತ ಕೇಳ್ತಾರೆ. ನನಗೆ ಉತ್ತರ ಕೊಡೋಕೆ ಬರಲ್ಲ. ಹೋದ ವಾರ ಪ್ಲೇಟಿಗೆ ಬೂಸ್ಟು ಹಿಡಿದು ಎರಡು ವಾರದ ಕೆಲಸ ಹಾಳಾಯ್ತು ಅಂತ ಫೋನಲ್ಲಿ ಅತ್ತಳು. ಯೀಸ್ಟಿಗೂ ಮನುಷ್ಯರ ಕ್ಯಾನ್ಸರಿಗೂ ನಿಜವಾಗ್ಲೂ ಸಂಬಂಧ ಇದೆಯಾ?

ಉತ್ತರ: ಇದೆ. ನಿಮ್ಮ ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ. ನಮ್ಮ ಮೈಯಲ್ಲಿ ಒಂದು ಜೀವಕೋಶ ಯಾವಾಗ ಎರಡಾಗಬೇಕು ಅಂತ ತೀರ್ಮಾನ ಮಾಡುವುದು ಯಾವುದು ಅನ್ನುವ ಪ್ರಶ್ನೆಗೆ ದಾರಿ ತೋರಿಸಿದ್ದೇ ಈ ಯೀಸ್ಟ್. ಆ ತೀರ್ಮಾನ ಕೈತಪ್ಪಿ, ಕೋಶಗಳು ಬೇಡದಿದ್ದರೂ ಎರಡಾಗುತ್ತಾ ಹೋಗುವುದೇ ಕ್ಯಾನ್ಸರ್. ನಾನು ಕೋಲಾರದಲ್ಲಿ ಇಪ್ಪತ್ತಾರು ವರ್ಷದಿಂದ ಮೈಕ್ರೋಬಯಾಲಜಿ ಪಾಠ ಮಾಡುತ್ತಿದ್ದೇನೆ. ನಿಮ್ಮಂಥ ಅಪ್ಪಂದಿರು ಕಾಲೇಜಿಗೆ ಬಂದು ಇದೇ ಪ್ರಶ್ನೆ ಕೇಳಿದ್ದಾರೆ. ಅವರಿಗೆಲ್ಲ ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದ್ದೆ. ಈ ಸಲ ಪೂರ್ತಿ ಹೇಳುತ್ತೇನೆ.

ಮೊದಲು ನೆಂಟರ ಇಡ್ಲಿ ಮಾತು ಮುಗಿಸಿಬಿಡೋಣ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ. ಉದ್ದಿನಬೇಳೆ, ಅಕ್ಕಿಯ ಜೊತೆಗೇ ಬರುವ ಲ್ಯೂಕೊನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಹುಳಿಯನ್ನೂ ಬಿಡುತ್ತದೆ, ಗ್ಯಾಸನ್ನೂ ಬಿಡುತ್ತದೆ. ಯೀಸ್ಟ್ ಅಲ್ಲಿ ಪಕ್ಕವಾದ್ಯ ಮಾತ್ರ. ಬೇಕರಿಯಲ್ಲಿ ಬನ್ನು ಉಬ್ಬಿಸುವುದು ಯೀಸ್ಟೇ ಹೌದು. ಆದರೆ ಅದು ಬೇರೆ ಜಾತಿ, ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಯೀಸ್ಟ್ ಅಂದರೆ ಒಂದೇ ಜೀವಕೋಶದ ಜೀವಿ. ಬೇಕರಿ ಯೀಸ್ಟಿನ ಕೋಶ ದುಂಡಗೆ ಇರುತ್ತದೆ. ತಾಯಿ ಕೋಶದ ಮೈಮೇಲೆ ಮೊಗ್ಗಿನ ಹಾಗೆ ಒಂದು ಸಣ್ಣ ಗುಳ್ಳೆ ಎದ್ದು, ದೊಡ್ಡದಾಗಿ, ಕಳಚಿಕೊಂಡು ಮರಿಯಾಗುತ್ತದೆ.

ನಿಮ್ಮ ಮಗಳ ಯೀಸ್ಟಿನ ಪೂರ್ತಿ ಹೆಸರು ಸ್ಕಿಜೋಸ್ಯಾಕರೋಮೈಸಿಸ್ ಪಾಂಬೆ. 'ಸ್ಕಿಜೋ' ಅಂದರೆ ಸೀಳು. ಇದಕ್ಕೆ ಮೊಗ್ಗು ಬರುವುದಿಲ್ಲ. ಉದ್ದುದ್ದ ಬೆಳೆದು, ಕಬ್ಬಿನ ಜಲ್ಲೆಯನ್ನು ಗಿಣ್ಣಿನಲ್ಲಿ ಮುರಿದ ಹಾಗೆ ಸರಿಯಾಗಿ ನಡುವೆ ಎರಡಾಗುತ್ತದೆ. 'ಪಾಂಬೆ' ಅನ್ನುವುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಮಾತು, ಅರ್ಥ ಬಿಯರ್. ಅಲ್ಲಿನ ಸಿರಿಧಾನ್ಯದ ಬಿಯರ್ ಜರ್ಮನಿಗೆ ಹೋಗಿತ್ತು. ಅದರಲ್ಲಿದ್ದ ಈ ಯೀಸ್ಟನ್ನು ಪಾಲ್ ಲಿಂಡ್ನರ್ ಅನ್ನುವ ವಿಜ್ಞಾನಿ ಬೇರ್ಪಡಿಸಿ 1893ರಲ್ಲಿ ಹೆಸರಿಟ್ಟರು.

ಇಲ್ಲಿ ನಿಮಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಹೊಲದ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ಇಂಡಾಫ್ ತಳಿಯ ಹೆಸರು ಕೇಳಿರುತ್ತೀರಿ, ಅಲ್ವಾ? ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಮಾಡಿದ ತಳಿಗಳು ಅವು. 'ಇಂಡ್' ಅಂದರೆ ಇಂಡಿಯಾ, 'ಆಫ್' ಅಂದರೆ ಆಫ್ರಿಕಾ. ಆ ಸೀಮೆಯಲ್ಲಿ ಇವತ್ತಿಗೂ ರಾಗಿಯಿಂದ, ಜೋಳದಿಂದ ಬಿಯರ್ ಮಾಡುತ್ತಾರೆ. ಅದು ಅಲ್ಲಿನವರ ಹಬ್ಬ, ಮದುವೆ, ಕೊಯ್ಲಿನ ಪಾನೀಯ. ಹಾಗಾಗಿ 'ಹೆಂಡದ ಯೀಸ್ಟ್' ಅಂತ ನೀವು ತಲೆ ತಗ್ಗಿಸುವ ಕಾರಣವೇ ಇಲ್ಲ. ರಾಗಿ ಬಂದ ಸೀಮೆಯಿಂದಲೇ ಬಂದದ್ದು ಅದು.

ಈಗ ಅದು ನೋಡಲು ಹೇಗಿರುತ್ತದೆ ಅಂತ ಹೇಳುತ್ತೇನೆ. ಅದನ್ನು ಕಣ್ಣಾರೆ ಕಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಪ್ಲೇಟ್ ಅಂದರೆ ಯೀಸ್ಟಿಗೆ ಊಟ ಹಾಕಿ ಬೆಳೆಸುವ, ಮುಚ್ಚಳ ಇರುವ ಸಣ್ಣ ತಟ್ಟೆ. ಅದರ ಮೇಲೆ ಇದು ಕೆನೆ ಬಣ್ಣದ ಚುಕ್ಕೆಯಾಗಿ ಬೆಳೆದಿರುತ್ತದೆ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ನೀರು ಇಟ್ಟು, ತಂತಿಯ ತುದಿಯಲ್ಲಿ ಆ ಚುಕ್ಕೆಯನ್ನು ಒಂಚೂರು ಮುಟ್ಟಿ ಹನಿಯಲ್ಲಿ ಕದಡುತ್ತೇವೆ. ಮೇಲೆ ತೆಳು ಗಾಜು ಮುಚ್ಚಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಎರಡೂ ತುದಿ ದುಂಡಗಿರುವ ಸಣ್ಣ ಸಣ್ಣ ಕಡ್ಡಿಗಳು. ಮಾತ್ರೆ ಅಂಗಡಿಯ ಕ್ಯಾಪ್ಸೂಲ್ ಇದೆಯಲ್ಲ, ಅದೇ ಆಕಾರ. ಆಗ ತಾನೇ ಹುಟ್ಟಿದ ಕೋಶ ಸುಮಾರು 7 ಮೈಕ್ರಾನ್ ಉದ್ದ, ಎರಡಾಗುವ ಹೊತ್ತಿಗೆ ಸುಮಾರು 14. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ದೊಡ್ಡ ಕೋಶಗಳನ್ನೇ ಒಂದರ ಹಿಂದೆ ಒಂದು ಸಾಲಾಗಿ ಇಟ್ಟರೂ ಒಂದು ರಾಗಿ ಕಾಳಿನ ಅಡ್ಡಕ್ಕೆ ನೂರು ಹಿಡಿಯುತ್ತವೆ.

ಕೋಶ ದಪ್ಪ ಆಗುವುದೇ ಇಲ್ಲ, ಉದ್ದ ಮಾತ್ರ ಆಗುತ್ತದೆ. ಹುಟ್ಟಿದ ಮೇಲೆ ಮೊದಲು ಹಳೆಯ ತುದಿ ಬೆಳೆಯುತ್ತದೆ. ಸೀಳಿದಾಗ ಹೊಸದಾಗಿ ಆದ ತುದಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ಅದೂ ಬೆಳೆಯಲು ಶುರು ಮಾಡುತ್ತದೆ. 14ರ ಹತ್ತಿರ ಬಂದಾಗ ಎರಡೂ ತುದಿ ನಿಲ್ಲುತ್ತವೆ. ಒಳಗೆ ಕ್ರೋಮೋಸೋಮ್‌ಗಳು, ಅಂದರೆ ವಂಶದ ಗುಣಗಳನ್ನು ಹೊತ್ತ ಎಳೆಗಳು, ಎರಡು ಪಾಲಾಗುತ್ತವೆ. ನಡುವೆ ಒಂದು ಗೆರೆ ಕಾಣಿಸುತ್ತದೆ, ಅದು ಹೊಸ ಗೋಡೆ. ಆಮೇಲೆ ಎರಡು ಮರಿಗಳು ಕೀಲು ಇರುವ ಚೂರಿ ಬಿಚ್ಚಿದ ಹಾಗೆ ಓರೆಯಾಗಿ ಬಾಗಿ ಬೇರೆಯಾಗುತ್ತವೆ. ಒಳ್ಳೆ ಆಹಾರ, ಬೆಚ್ಚಗಿನ ಜಾಗ ಇದ್ದರೆ ಇಷ್ಟಕ್ಕೆ ಎರಡರಿಂದ ನಾಲ್ಕು ಗಂಟೆ ಸಾಕು. ನಾನು ಇದನ್ನು ಮೊದಲ ಸಲ ನೋಡಿದ ದಿನ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೆ.

ಇದರಲ್ಲಿ ವಿಜ್ಞಾನಿಗಳಿಗೆ ಏನು ಅನುಕೂಲ? ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತೀರಲ್ಲ, ಹಾಗೆ ಇದರ ಉದ್ದ ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಮೋಟಾಗಿದ್ದರೆ ಈಗ ಹುಟ್ಟಿದ್ದು, ಉದ್ದವಾಗಿದ್ದರೆ ಇನ್ನೇನು ಎರಡಾಗುವುದು. ಸ್ಕಾಟ್ಲೆಂಡಿನ ಎಡಿನ್‌ಬರೋದ ಮರ್ಡಾಕ್ ಮಿಚಿಸನ್ 1950ರ ದಶಕದಲ್ಲಿ ಕೋಶದ ಬೆಳವಣಿಗೆ ಅಳೆಯಲು ಇದನ್ನೇ ಆರಿಸಿಕೊಂಡರು. ಅದಕ್ಕೂ ಸ್ವಲ್ಪ ಮೊದಲಿನಿಂದ ಸ್ವಿಟ್ಜರ್ಲೆಂಡಿನ ಉರ್ಸ್ ಲ್ಯೂಪೋಲ್ಡ್ ಇದರ ಜೀನ್‌ಗಳನ್ನು, ಅಂದರೆ ಕ್ರೋಮೋಸೋಮಿನ ಮೇಲಿರುವ ಒಂದೊಂದು ಗುಣದ ಬರಹವನ್ನು, ಓದುತ್ತಿದ್ದರು. ಇನ್ನೊಂದು ಅನುಕೂಲ, ಇದರಲ್ಲಿ ಸಾಮಾನ್ಯವಾಗಿ ಪ್ರತಿ ಜೀನೂ ಒಂದೊಂದೇ ಇರುತ್ತದೆ. ನಮ್ಮಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡೆರಡು. ಒಂದು ಕೆಟ್ಟರೆ ಇನ್ನೊಂದು ಮುಚ್ಚಿ ಹಾಕುತ್ತದೆ. ಪಾಂಬೆಯಲ್ಲಿ ಮುಚ್ಚಿ ಹಾಕುವವರು ಯಾರೂ ಇಲ್ಲ. ಜೀನ್ ಕೆಟ್ಟ ಕೂಡಲೇ ತಪ್ಪು ಹೊರಗೆ ಕಾಣುತ್ತದೆ.

1970ರ ದಶಕದಲ್ಲಿ ಮಿಚಿಸನ್ ಅವರ ಲ್ಯಾಬಿಗೆ ಪಾಲ್ ನರ್ಸ್ ಅನ್ನುವ ಹುಡುಗ ಬಂದರು. ಅವರ ಹಿನ್ನೆಲೆ ನಿಮ್ಮ ಮಗಳಿಗೆ ಗೊತ್ತಿರಲಿ. ಫ್ರೆಂಚ್ ಪರೀಕ್ಷೆಯಲ್ಲಿ ಆರು ಸಲ ಫೇಲಾಗಿದ್ದರಿಂದ ಶಾಲೆ ಮುಗಿದ ಕೂಡಲೇ ವಿಶ್ವವಿದ್ಯಾಲಯಕ್ಕೆ ಸೇರಲು ಆಗಲಿಲ್ಲ. ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದು, ಆಮೇಲೆ ಓದಿದವರು.

ನರ್ಸ್ ಕೇಳಿದ ಪ್ರಶ್ನೆ ಸರಳ. ಕೋಶ ಎರಡಾಗುವ ಹೊತ್ತನ್ನು ನಿರ್ಧರಿಸುವ ಜೀನ್ ಯಾವುದು? ಅದನ್ನು ಹುಡುಕುವ ದಾರಿ, ಯೀಸ್ಟಿನ ಜೀನ್‌ಗಳನ್ನು ರಾಸಾಯನಿಕ ಹಾಕಿ ಅಲ್ಲಲ್ಲಿ ಕೆಡಿಸುವುದು, ಆಮೇಲೆ ಯಾವ ಕೋಶ ಬೇರೆ ಥರ ಕಾಣುತ್ತದೆ ಅಂತ ನೋಡುವುದು. ಕೆಲವು ಕೋಶಗಳು 25 ಡಿಗ್ರಿಯಲ್ಲಿ ಸರಿಯಾಗಿರುತ್ತವೆ. 35 ಡಿಗ್ರಿ ದಾಟಿಸಿದರೆ ಬೆಳೆಯುತ್ತವೆಯೇ ಹೊರತು ಎರಡಾಗುವುದಿಲ್ಲ, ಶಾವಿಗೆ ಎಳೆಯ ಹಾಗೆ ಉದ್ದಕ್ಕೆ ಹೋಗುತ್ತವೆ. ಇಂಥವನ್ನು ಹುಡುಕುತ್ತಿದ್ದಾಗ ಅವರಿಗೆ ತದ್ವಿರುದ್ಧದ್ದು ಸಿಕ್ಕಿತು. ಅರ್ಧ ಉದ್ದಕ್ಕೇ ಎರಡಾಗಿಬಿಡುವ ಗಿಡ್ಡ ಕೋಶ. ಸ್ಕಾಟ್ಲೆಂಡಿನವರು ಪುಟ್ಟದ್ದಕ್ಕೆ 'ವೀ' ಅಂತಾರೆ. ಅದಕ್ಕೇ ಆ ಜೀನಿಗೆ 'ವೀ1' ಅಂತ ಹೆಸರಾಯಿತು.

ಗಿಡ್ಡ ಕೋಶ ಯಾಕೆ ಅಷ್ಟು ದೊಡ್ಡ ವಿಷಯ ಅಂತ ನೀವು ಕೇಳಬಹುದು. ಯೋಚನೆ ಮಾಡಿ. ಬೈಕು ಓಡದೇ ನಿಂತರೆ ಅದಕ್ಕೆ ನೂರು ಕಾರಣ ಇರಬಹುದು. ಪೆಟ್ರೋಲ್ ಇಲ್ಲ, ಚೈನ್ ಕಳಚಿದೆ, ಪ್ಲಗ್ ಹೋಗಿದೆ. ಆದರೆ ಬೈಕು ಮಾಮೂಲಿಗಿಂತ ಜೋರಾಗಿ ಓಡಿದರೆ ಕಾರಣ ಎರಡೇ. ಬ್ರೇಕ್ ಹೋಗಿದೆ, ಇಲ್ಲಾ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡಿದೆ. ಹೊತ್ತಿಗೆ ಮುಂಚೆ ಎರಡಾಗುವ ಕೋಶ ನೇರವಾಗಿ ಆ ಹಿಡಿಕೆಯ ಮೇಲೇ ಬೆರಳಿಟ್ಟು ತೋರಿಸುತ್ತದೆ.

ನರ್ಸ್ ಒಂದೊಂದೇ ಗಿಡ್ಡ ಕೋಶ ಹುಡುಕಿ ಸುಮಾರು ಐವತ್ತು ಕೂಡಿಸಿದರು. ಹೆಚ್ಚುಕಡಿಮೆ ಎಲ್ಲವೂ ಅದೇ ವೀ1 ಜೀನು ಕೆಟ್ಟವು. ಅದು ಬ್ರೇಕು. ಒಂದು ಪ್ಲೇಟಿನಲ್ಲಿ ಮಾತ್ರ ಗಿಡ್ಡ ಕೋಶದ ಚುಕ್ಕೆಯ ಪಕ್ಕದಲ್ಲೇ ಬೂಸ್ಟು ಹಿಡಿದಿತ್ತು. ಅದನ್ನು ಬಿಡಿಸುವುದು ರಗಳೆ. ಹೇಗಿದ್ದರೂ ಇನ್ನೊಂದು ವೀ1 ತಾನೇ ಅಂತ ಪ್ಲೇಟನ್ನು ಕಸದ ಡಬ್ಬಿಗೆ ಹಾಕಿ ಮನೆಗೆ ಹೋದರು. ಮನೆಯಲ್ಲಿ ಮನಸ್ಸು ತಡೆಯಲಿಲ್ಲ. ವಾಪಸ್ ಬಂದು, ಡಬ್ಬಿಯಿಂದ ಎತ್ತಿ, ಬೂಸ್ಟಿನಿಂದ ಆ ಯೀಸ್ಟನ್ನು ಬಿಡಿಸಿಕೊಂಡರು. ಎಷ್ಟೋ ದಿನದ ಕೆಲಸದ ನಂತರ ಗೊತ್ತಾಯಿತು, ಅದರಲ್ಲಿ ಬದಲಾಗಿದ್ದ ಜೀನು ಬೇರೆ. ಹೆಸರು ಸಿಡಿಸಿ2. ಈ ಜೀನು ಪೂರ್ತಿ ಕೆಟ್ಟರೆ ಕೋಶ ಎರಡಾಗುವುದೇ ಇಲ್ಲ, ಶಾವಿಗೆಯಾಗುತ್ತದೆ. ಒಂದು ಬಗೆಯಲ್ಲಿ ಬದಲಾದರೆ ಹೊತ್ತಿಗೆ ಮುಂಚೆ ಎರಡಾಗುತ್ತದೆ. ಅಂದರೆ ಆಕ್ಸಿಲರೇಟರ್ ಇದೇ. ಬೂಸ್ಟು ಹಿಡಿದ ಆ ಪ್ಲೇಟಿನ ಕಥೆಯನ್ನು ನರ್ಸ್ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ.

ಕೆಲಸ ನಡೆಯುವ ರೀತಿ ಹೀಗೆ. ಸಿಡಿಸಿ2 ಮಾಡುವ ಪ್ರೋಟೀನ್ ಬೇರೆ ಪ್ರೋಟೀನ್‌ಗಳ ಮೇಲೆ ಫಾಸ್ಫೇಟ್ ಅನ್ನುವ ಸಣ್ಣ ರಾಸಾಯನಿಕ ಚೂರನ್ನು ಅಂಟಿಸುತ್ತದೆ. ಹಾಗೆ ಅಂಟಿಸಿಕೊಂಡವು ಎದ್ದು ಕೋಶವನ್ನು ಎರಡು ಮಾಡುವ ಕೆಲಸಕ್ಕೆ ಇಳಿಯುತ್ತವೆ. ಕೋಶ ಸಣ್ಣದಿರುವಾಗ ವೀ1 ಬಂದು ಸಿಡಿಸಿ2 ಮೇಲೆಯೇ ಒಂದು ಫಾಸ್ಫೇಟ್ ಅಂಟಿಸಿ ಅದನ್ನು ತಡೆದಿರುತ್ತದೆ. ಕೋಶ ಸಾಕಷ್ಟು ಬೆಳೆದಾಗ ಸಿಡಿಸಿ25 ಅನ್ನುವ ಇನ್ನೊಂದು ಪ್ರೋಟೀನ್ ಆ ಫಾಸ್ಫೇಟನ್ನು ಕಿತ್ತು ಹಾಕುತ್ತದೆ. ಬ್ರೇಕ್ ಬಿಟ್ಟಿತು, ಗಾಡಿ ಹೊರಟಿತು.

ಇಷ್ಟು ಹೊತ್ತು ಯೀಸ್ಟಿನ ಮಾತಾಯಿತು. ಮನುಷ್ಯ ಎಲ್ಲಿ ಬಂದ? 1987ರಲ್ಲಿ ಬಂದ. ನರ್ಸ್ ಆಗ ಲಂಡನ್ನಿನ ಒಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿದ್ದರು. ಅವರ ಲ್ಯಾಬಿನ ಮೆಲನಿ ಲೀ, ಸಿಡಿಸಿ2 ಕೆಟ್ಟಿರುವ ಪಾಂಬೆಯನ್ನು ತೆಗೆದುಕೊಂಡರು. ಮನುಷ್ಯರ ಜೀನ್‌ಗಳ ಒಂದು ದೊಡ್ಡ ಸಂಗ್ರಹವನ್ನು ಅದರ ಮೇಲೆ ಸುರಿದರು. ಒಂದೊಂದು ಕೋಶದೊಳಗೆ ಒಂದೊಂದು ಮನುಷ್ಯರ ಜೀನು ಹೋಗುತ್ತದೆ. ಆಮೇಲೆ ಬಿಸಿ ಏರಿಸಿದರು. ಸಿಡಿಸಿ2 ಕೆಟ್ಟ ಕೋಶ ಆ ಬಿಸಿಯಲ್ಲಿ ಎರಡಾಗಬಾರದು. ಆದರೂ ಕೆಲವು ಎರಡಾದವು, ನಾಲ್ಕಾದವು, ಪ್ಲೇಟಿನ ಮೇಲೆ ಚುಕ್ಕೆಯಾದವು. ಅವುಗಳ ಒಳಗೆ ಹೋಗಿದ್ದ ಮನುಷ್ಯರ ಜೀನನ್ನು ತೆಗೆದು ಓದಿದರೆ, ಅದು ಸಿಡಿಸಿ2ನ ಅಣ್ಣತಮ್ಮನೇ.

ಯೀಸ್ಟಿನ ದಾರಿ, ನಮ್ಮ ದಾರಿ ಬೇರೆಯಾಗಿ ನೂರು ಕೋಟಿ ವರ್ಷಕ್ಕಿಂತ ಹೆಚ್ಚಾಗಿದೆ. ಆಗಿನ್ನೂ ಭೂಮಿಯ ಮೇಲೆ ಹುಲ್ಲಿಲ್ಲ, ಮರವಿಲ್ಲ, ಮೀನೂ ಇಲ್ಲ. ಅಷ್ಟು ಹಿಂದಿನ ಒಂದು ಭಾಗವನ್ನು ಮನುಷ್ಯನಿಂದ ತೆಗೆದು ಯೀಸ್ಟಿಗೆ ಹಾಕಿದರೆ ಸರಿಯಾಗಿ ಕೂತು ಕೆಲಸ ಮಾಡುತ್ತದೆ! ಇಪ್ಪತ್ತಾರು ವರ್ಷ ಪಾಠ ಮಾಡಿದ ಮೇಲೂ ಈ ಪ್ರಯೋಗ ಹೇಳುವಾಗ ನನಗೆ ಮೈ ಜುಂ ಅನ್ನುತ್ತದೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ.

ಮನುಷ್ಯರ ಆ ಜೀನಿಗೆ ಈಗ ಸಿಡಿಕೆ1 ಅಂತಾರೆ. 2001ರಲ್ಲಿ ನರ್ಸ್ ಅವರಿಗೆ ವೈದ್ಯಕೀಯದ ನೊಬೆಲ್ ಬಂತು. ಜೊತೆಗೆ ಇನ್ನಿಬ್ಬರು. ಒಬ್ಬರು ಲೀಲ್ಯಾಂಡ್ ಹಾರ್ಟ್‌ವೆಲ್, ಬೇಕರಿ ಯೀಸ್ಟಿನಲ್ಲಿ ಇದೇ ಬಗೆಯ ಜೀನ್‌ಗಳನ್ನು ಮೊದಲು ಹುಡುಕಿದವರು. ಇನ್ನೊಬ್ಬರು ಟಿಮ್ ಹಂಟ್. ಸಿಡಿಕೆ ಜೊತೆ ಸೇರಿ ಅದನ್ನು ಎಬ್ಬಿಸುವ ಸೈಕ್ಲಿನ್ ಅನ್ನುವ ಪ್ರೋಟೀನನ್ನು ಸಮುದ್ರದ ಮುಳ್ಳುಜೀವಿಯೊಂದರ ಮೊಟ್ಟೆಯಲ್ಲಿ ಕಂಡವರು.

ಕ್ಯಾನ್ಸರ್ ವಿಷಯಕ್ಕೆ ಬರುತ್ತೇನೆ. ನಮ್ಮ ಮೈಯಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶ ಇವೆ. ಕೆಂಪು ರಕ್ತಕಣ ಒಂದನ್ನೇ ತೆಗೆದುಕೊಂಡರೂ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸದು ಹುಟ್ಟುತ್ತವೆ. ಹೀಗೆ ಕೋಶ ಎರಡಾಗುವ ಪ್ರತಿ ಸಲವೂ ಈ ಸಿಡಿಕೆ ಕುಟುಂಬ ಕೆಲಸ ಮಾಡಲೇಬೇಕು. ಹಾಗಂತ ಕ್ಯಾನ್ಸರ್ ಬಂದವರಲ್ಲೆಲ್ಲ ಸಿಡಿಕೆ1 ಜೀನೇ ಕೆಟ್ಟಿರುತ್ತದೆ ಅಂತ ತಿಳಿಯಬೇಡಿ. ಹೆಚ್ಚಾಗಿ ಅದಕ್ಕೆ 'ಈಗ ಹೊರಡು', 'ಈಗ ನಿಲ್ಲು' ಅಂತ ಹೇಳುವ ದಾರಿಗಳು ಕೆಟ್ಟಿರುತ್ತವೆ. ಸಿಡಿಕೆ1ಕ್ಕೆ ಸಿಡಿಕೆ4, ಸಿಡಿಕೆ6 ಅಂತ ದಾಯಾದಿಗಳಿದ್ದಾರೆ. ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ ಇವೆರಡು ಹಿಡಿತ ಮೀರಿ ಓಡುತ್ತವೆ. ಅವನ್ನು ತಡೆಯುವ ಪಾಲ್ಬೋಸಿಕ್ಲಿಬ್ ಅನ್ನುವ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ದೇಶದಲ್ಲೂ ಡಾಕ್ಟರ್‌ಗಳು ಬರೆಯುತ್ತಾರೆ. ನಮ್ಮ ಕೋಶಗಳಲ್ಲೂ ಇರುವ ವೀ1 ಬ್ರೇಕನ್ನು ಬೇಕಂತಲೇ ತೆಗೆದು, ಕ್ಯಾನ್ಸರ್ ಕೋಶ ಸಿದ್ಧವಾಗುವ ಮುಂಚೆಯೇ ಎರಡಾಗಲು ಹೋಗಿ ಸಾಯುವಂತೆ ಮಾಡುವ ಔಷಧಿಗಳನ್ನೂ ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಂದವರು ನಮ್ಮ ಜಿಲ್ಲೆಯ ಪ್ರತಿ ಊರಲ್ಲೂ ಇದ್ದಾರೆ. ನಿಮ್ಮ ನೆಂಟರಿಗೂ ಒಬ್ಬರಾದರೂ ಗೊತ್ತಿರುತ್ತಾರೆ.

ಪಾಂಬೆಯ ಉಪಯೋಗ ಇಲ್ಲಿಗೇ ನಿಂತಿಲ್ಲ. 2002ರಲ್ಲಿ ಇದರ ಜೀನ್‌ಗಳನ್ನೆಲ್ಲ ಪೂರ್ತಿ ಓದಿದರು. ಮೂರೇ ಕ್ರೋಮೋಸೋಮ್, ಸುಮಾರು ಐದು ಸಾವಿರ ಜೀನು. ಕ್ರೋಮೋಸೋಮಿನ ತುದಿಯನ್ನು ಕಾಪಾಡುವ ಪಾಟ್1 ಪ್ರೋಟೀನ್ ಇದರಲ್ಲೂ ಮನುಷ್ಯರಲ್ಲೂ ಒಟ್ಟಿಗೇ ಪತ್ತೆಯಾಯಿತು. ಬೇಡದ ಜೀನುಗಳ ಬಾಯಿ ಮುಚ್ಚಿಸಲು ಕೋಶ ಆರ್‌ಎನ್‌ಎ ಅನ್ನುವ, ಜೀನಿನ ನಕಲಿನಂಥ ಸಣ್ಣ ಚೂರುಗಳನ್ನು ಬಳಸುತ್ತದೆ. ಬೇಕರಿ ಯೀಸ್ಟ್ ಆ ವಿದ್ಯೆಯನ್ನು ಕಳೆದುಕೊಂಡಿದೆ, ಪಾಂಬೆ ಉಳಿಸಿಕೊಂಡಿದೆ. ಅದಕ್ಕೇ ಆ ಕೆಲಸಕ್ಕೆ ಇದೇ ಬೇಕು.

ಒಂದು ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ, ನನಗೆ ಅತಿ ಪ್ರಿಯವಾದದ್ದೂ ಅದೇ. ತಾನು 14 ಮೈಕ್ರಾನ್ ಆದೆ ಅಂತ ಕೋಶಕ್ಕೆ ಗೊತ್ತಾಗುವುದು ಹೇಗೆ? ಅದಕ್ಕೆ ಕಣ್ಣಿಲ್ಲ, ಅಳೆಯುವ ಟೇಪಿಲ್ಲ. ಪಾಮ್1 ಅನ್ನುವ ಪ್ರೋಟೀನ್ ಎರಡು ತುದಿಯಲ್ಲಿ ಜಾಸ್ತಿ, ನಡುವೆ ಕಡಿಮೆ ಇರುತ್ತದೆ. ಕೋಶ ಮೋಟಾಗಿದ್ದಾಗ ಅದರ ಪ್ರಭಾವ ನಡುವಿನವರೆಗೂ ಮುಟ್ಟಿ 'ಇನ್ನೂ ಬೇಡ' ಅನ್ನುತ್ತದೆ, ಉದ್ದವಾದ ಮೇಲೆ ಮುಟ್ಟುವುದಿಲ್ಲ ಅಂತ 2009ರಲ್ಲಿ ಎರಡು ಗುಂಪು ಹೇಳಿದವು. ಚೆಂದದ ಉತ್ತರ. ಆದರೆ ಪಾಮ್1 ಪೂರ್ತಿ ತೆಗೆದರೂ ಕೋಶ ತನ್ನ ಅಳತೆಯನ್ನು ತಕ್ಕಮಟ್ಟಿಗೆ ಕಾಯ್ದುಕೊಳ್ಳುತ್ತದೆ. ಉದ್ದವನ್ನಲ್ಲ, ಮೈಯ ಹೊರಮೈ ಎಷ್ಟಿದೆ ಅನ್ನುವುದನ್ನು ಅಳೆಯುತ್ತದೆ ಅಂತ ಆಮೇಲೆ ಬೇರೆಯವರು ತೋರಿಸಿದರು. ಸಿಡಿಸಿ25 ಕೂಡಿಕೊಳ್ಳುವ ಪ್ರಮಾಣವೂ ಇದರಲ್ಲಿ ಸೇರಿದೆ. ಈ ಜಗಳ ನಡೆಯುತ್ತಲೇ ಇದೆ. ನಿಮ್ಮ ಮಗಳ ಕೆಲಸ ಇದರ ಹತ್ತಿರದ್ದೇ ಇದ್ದರೆ ಕೇಳಿ ನೋಡಿ, ಅರ್ಧ ಗಂಟೆ ಬಿಡದೆ ಹೇಳುತ್ತಾಳೆ.

ಕೊನೆಗೆ ಆ ಬೂಸ್ಟಿನ ವಿಷಯ. ಪಾಂಬೆಗೆ ಕೊಡುವ ಊಟ ಬೂಸ್ಟಿಗೂ ಇಷ್ಟ. ಅದರ ಬೀಜಕಣ ಗಾಳಿಯಲ್ಲೇ ಇರುತ್ತದೆ. ಮಳೆಗಾಲದಲ್ಲಂತೂ ಪ್ಲೇಟಿನ ಮುಚ್ಚಳ ಒಂದು ಕ್ಷಣ ಜಾಸ್ತಿ ತೆರೆದರೆ ಸಾಕು. ಇದು ಅವಳ ತಪ್ಪಲ್ಲ ಅಂತ ಹೇಳಿ. ನಾನು ಎಂಎಸ್ಸಿಯಲ್ಲಿದ್ದಾಗ ಇಡೀ ತಿಂಗಳ ಪ್ಲೇಟುಗಳು ಹಸಿರಾಗಿ, ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಬೂಸ್ಟು ಒಂದು ಮೂಲೆಯಲ್ಲಿ ಮಾತ್ರ ಇದ್ದರೆ, ದೂರದ ಚುಕ್ಕೆಯಿಂದ ತಂತಿಯ ತುದಿಯಲ್ಲಿ ಸ್ವಲ್ಪ ತೆಗೆದು ಹೊಸ ಪ್ಲೇಟಿಗೆ ಗೀರಿ, ಒಂಟಿ ಕೋಶದಿಂದ ಹುಟ್ಟಿದ ಚುಕ್ಕೆ ಬರುವವರೆಗೆ ಎರಡು ಮೂರು ಸಲ ಹಾಗೇ ಮಾಡಿದರೆ ಯೀಸ್ಟ್ ಉಳಿಯುತ್ತದೆ. ಅವಳಿಗೂ ಗೊತ್ತಿರುತ್ತದೆ, ಆದರೂ ಫೋನಿನಲ್ಲಿ ನೀವು ಹೇಳಿದರೆ ಅದರ ರುಚಿಯೇ ಬೇರೆ.

ಕೊಯ್ಲು ಮುಗಿದ ಮೇಲೆ ಒಂದು ದಿನ ಬೆಂಗಳೂರಿಗೆ ಹೋಗಿ. ಲ್ಯಾಬಿನೊಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಸಿ. ಬಿಟ್ಟರೆ ಮೂರು ಸ್ಲೈಡ್ ತೋರಿಸು ಅನ್ನಿ. ಒಂದು ಮಾಮೂಲಿ ಪಾಂಬೆ, ಒಂದು ವೀ, ಇನ್ನೊಂದು ಬಿಸಿಯಲ್ಲಿಟ್ಟ ಸಿಡಿಸಿ2. ಕ್ಯಾಪ್ಸೂಲ್, ಗಿಡ್ಡ ಕ್ಯಾಪ್ಸೂಲ್, ಶಾವಿಗೆ. ಯಾವುದು ಯಾವುದು ಅಂತ ಅವಳು ಹೇಳುವ ಮುಂಚೆ ನೀವೇ ಹೇಳಿ.